ಚರ್ಚ್‌ನಲ್ಲಿ ವಲಸೆ ಕಾರ್ಮಿಕರ ಸಹಾಯ ಕೇಂದ್ರ: ಶುರು ಮಾಡುವುದು ಹೇಗೆ, ಎಡವುವುದು ಎಲ್ಲಿ

"ನಮ್ಮ ಚರ್ಚ್‌ಗೆ ಭಾನುವಾರ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬರ್ತಾರೆ, ಹಿಂದಿನ ಸಾಲಲ್ಲಿ ಕೂತು ಹೋಗ್ತಾರೆ. ಅವರಿಗೆ ಏನಾದರೂ ಮಾಡಬೇಕು ಅನ್ಸುತ್ತೆ, ಎಲ್ಲಿಂದ ಶುರು ಮಾಡೋದು?" ವೈಟ್‌ಫೀಲ್ಡ್, ಸರ್ಜಾಪುರ, ಬೊಮ್ಮಸಂದ್ರದಿಂದ ಹಿಡಿದು ಮಂಗಳೂರು, ಕೊಡಗಿನವರೆಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಂಬಳಿ ಹಂಚೋಣವೇ, ಕ್ರಿಸ್‌ಮಸ್‌ಗೆ ಊಟ ಹಾಕಿಸೋಣವೇ ಎಂದು ಕೇಳುವವರೂ ಇದ್ದಾರೆ. ಕಂಬಳಿ, ಊಟ ಎರಡೂ ಒಳ್ಳೆಯವೇ. ಆದರೆ ಮೂರು ತಿಂಗಳ ಕೂಲಿ ಬಾಕಿ ಇಟ್ಟುಕೊಂಡು ಮೇಸ್ತ್ರಿ ಫೋನ್ ಸ್ವಿಚ್ ಆಫ್ ಮಾಡಿದಾಗ ಕಂಬಳಿ ಏನೂ ಮಾಡಲಾರದು. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲುವ, ಕಡೆಗೆ ಕಾರ್ಮಿಕರೇ ಒಟ್ಟಾಗಿ ತಮ್ಮ ಮಾತು ತಾವೇ ಆಡುವಂತೆ ಮಾಡುವ ಕೆಲಸಕ್ಕೆ ಈ ಮಾರ್ಗದರ್ಶಿ. ಕಥೋಲಿಕ ಧರ್ಮಕೇಂದ್ರವಾಗಲಿ, ಸಿಎಸ್‌ಐ ಅಥವಾ ಮೆಥೋಡಿಸ್ಟ್ ಸಭೆಯಾಗಲಿ, ಹಂತಗಳು ಹೆಚ್ಚುಕಡಿಮೆ ಒಂದೇ.

ಇದು ಚರ್ಚ್‌ನ ಕೆಲಸವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಬಡ ಕೂಲಿಯವನು ಸ್ವದೇಶದವನಾಗಲಿ ಪರದೇಶದವನಾಗಲಿ, ಅವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮೊದಲೇ ಕೊಡಬೇಕು ಎನ್ನುತ್ತದೆ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತದೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ. ಮತ್ತಾಯ 25ನೇ ಅಧ್ಯಾಯದಲ್ಲಿ ಪರದೇಶಿಯನ್ನು ಸೇರಿಸಿಕೊಳ್ಳುವುದು ಕಡೆಯ ತೀರ್ಪಿನ ಅಳತೆಗೋಲಾಗಿಯೇ ಬರುತ್ತದೆ. ಪೋಪ್ ಫ್ರಾನ್ಸಿಸ್ 2018ರ ವಲಸಿಗರ ದಿನದ ಸಂದೇಶದಲ್ಲಿ ನಾಲ್ಕು ಕೆಲಸಗಳನ್ನು ಹೇಳಿದ್ದರು: ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಯಗೊಡುವುದು, ಒಳಗೊಳ್ಳುವುದು. ಬಹುತೇಕ ಚರ್ಚ್‌ಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ.

ಶುರು ಮಾಡಲು ಬೇಕಾಗುವುದು

ಐದಾರು ಜನ ಸ್ವಯಂಸೇವಕರು. ಅವರಲ್ಲಿ ಒಬ್ಬರಾದರೂ ಹಿಂದಿ ಚೆನ್ನಾಗಿ ಬಲ್ಲವರು, ಒಬ್ಬರಾದರೂ ಹೆಂಗಸರು, ಇಬ್ಬರಾದರೂ ಸ್ವತಃ ವಲಸೆ ಬಂದವರು. ಒಂದು ಮೇಜು, ನಾಲ್ಕು ಕುರ್ಚಿ, ದಪ್ಪ ರಟ್ಟಿನ ಒಂದು ರಿಜಿಸ್ಟರ್. ಯಾರ ಸ್ವಂತದ್ದೂ ಅಲ್ಲದ ಪ್ರತ್ಯೇಕ ಮೊಬೈಲ್ ನಂಬರ್. ಬಸ್ ಚಾರ್ಜು, ಜೆರಾಕ್ಸು, ಆಸ್ಪತ್ರೆಯ ತುರ್ತು ಖರ್ಚಿಗೆ ಸಣ್ಣ ನಿಧಿ. ವಕೀಲರು ಮೊದಲ ದಿನವೇ ಬೇಕಿಲ್ಲ, ಆದರೆ ಫೋನ್ ಮಾಡಿದರೆ ಎತ್ತುವ ಒಬ್ಬ ವಕೀಲರ ಪರಿಚಯ ಇಟ್ಟುಕೊಳ್ಳಿ.

ದೊಡ್ಡ ಕಟ್ಟಡ, ಬ್ಯಾನರು, ಉದ್ಘಾಟನೆ ಯಾವುದೂ ಬೇಡ. ಉದ್ಘಾಟನೆಯ ಫೋಟೊ ಪೇಪರ್‌ನಲ್ಲಿ ಬಂದರೆ ಮೇಸ್ತ್ರಿಗಳಿಗೆ ಮೊದಲು ಗೊತ್ತಾಗುತ್ತದೆ, ಕಾರ್ಮಿಕರಿಗೆ ಆಮೇಲೆ.

1. ಪಾಲನಾ ಸಮಿತಿಯಲ್ಲಿ ಠರಾವು ಮಾಡಿಸಿ

ಗುರುಗಳು ಅಥವಾ ಸಭಾಪಾಲಕರು ಬಾಯಿಮಾತಿನಲ್ಲಿ "ಮಾಡಿ, ಒಳ್ಳೇದು" ಎಂದರೆ ಸಾಲದು. ಅವರು ವರ್ಗವಾದ ತಿಂಗಳಲ್ಲೇ ಕೆಲಸ ನಿಂತುಹೋಗುತ್ತದೆ. ಪಾಲನಾ ಸಮಿತಿಯ ಅಥವಾ ಸಭಾ ಸಮಿತಿಯ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಸಿ: ಕೇಂದ್ರದ ಹೆಸರು, ಹೊಣೆ ಹೊತ್ತವರು, ಹಣದ ಮಿತಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ "ಧರ್ಮ, ಜಾತಿ, ಭಾಷೆ ನೋಡದೆ ಬಂದ ಎಲ್ಲರಿಗೂ ನೆರವು" ಎಂಬ ವಾಕ್ಯ.

ಈ ವಾಕ್ಯವನ್ನು ಕಾಟಾಚಾರಕ್ಕೆ ಬರೆಸಬೇಡಿ. ನಿಮ್ಮ ಮೇಜಿನ ಮುಂದೆ ಬರುವವರಲ್ಲಿ ಬಿಹಾರದ ಹಿಂದೂಗಳು, ಬಂಗಾಳ ಮತ್ತು ಅಸ್ಸಾಮಿನ ಮುಸ್ಲಿಮರು, ರಾಯಚೂರು ಯಾದಗಿರಿಯ ದಲಿತ ಕುಟುಂಬಗಳು ಎಲ್ಲರೂ ಇರುತ್ತಾರೆ. ನೆರವಿನ ಜೊತೆ ಪ್ರಾರ್ಥನೆ, ಕರಪತ್ರ, ಬೈಬಲ್ ಹಂಚಿಕೆ ಸೇರಿಸಬೇಡಿ. ಕಷ್ಟದಲ್ಲಿರುವವರಿಗೆ ನೆರವನ್ನು ಷರತ್ತಿನಂತೆ ತೋರಿಸುವುದು ಮೊದಲನೆಯದಾಗಿ ಅನ್ಯಾಯ. ಎರಡನೆಯದಾಗಿ, ಹಲವು ರಾಜ್ಯಗಳ ಮತಾಂತರ ನಿಷೇಧ ಕಾನೂನುಗಳಲ್ಲಿ "ಆಮಿಷ" ಎಂಬ ಪದಕ್ಕೆ ಬಹಳ ಅಗಲವಾದ ಅರ್ಥವಿದೆ. ಒಡಿಶಾದಲ್ಲಿ ಇಂಥ ಕಾನೂನು 1967ರಿಂದಲೂ ಇದೆ, ಕರ್ನಾಟಕದಲ್ಲಿ 2022ರಲ್ಲಿ ಬಂತು. ಒಂದು ಸುಳ್ಳು ದೂರು ಬಂದರೂ ಪೆಟ್ಟು ಬೀಳುವುದು ನಿಮಗಿಂತ ಹೆಚ್ಚಾಗಿ ಕಾರ್ಮಿಕರಿಗೆ.

2. ಯಾರು, ಎಲ್ಲಿದ್ದಾರೆ: ನಕ್ಷೆ ಮಾಡಿಕೊಳ್ಳಿ

ಚರ್ಚ್‌ನ ಸುತ್ತ ಮೂರು ಕಿಲೋಮೀಟರ್ ವ್ಯಾಪ್ತಿಯ ಒಂದು ನಕ್ಷೆ ಬರೆದುಕೊಳ್ಳಿ. ನಿರ್ಮಾಣ ಸೈಟುಗಳ ಒಳಗಿನ ತಗಡಿನ ಶೆಡ್ಡುಗಳು, ಖಾಲಿ ನಿವೇಶನದ ನೀಲಿ ಟಾರ್ಪಾಲಿನ ಗುಡಿಸಲುಗಳು, ಗಾರ್ಮೆಂಟ್ಸ್ ಹುಡುಗಿಯರ ಹಾಸ್ಟೆಲುಗಳು, ಸೆಕ್ಯುರಿಟಿ ಏಜೆನ್ಸಿಯವರ ಬಾಡಿಗೆ ಕೋಣೆಗಳು, ಗುಜರಿ ಆಯುವವರ ಶೆಡ್ಡುಗಳು. ಮಂಗಳೂರಿನಲ್ಲಾದರೆ ದಕ್ಕೆ (ಮೀನುಗಾರಿಕೆ ಬಂದರು), ಕೊಡಗಿನಲ್ಲಾದರೆ ತೋಟದ ಲೈನ್ ಮನೆಗಳು.

ಪ್ರತಿ ಜಾಗದ ಎದುರು ಮೂರು ವಿಷಯ ಬರೆಯಿರಿ: ಯಾವ ಜಿಲ್ಲೆಯವರು, ಯಾವ ಭಾಷೆ, ಯಾವ ಕೆಲಸ. "ಹಿಂದಿಯವರು" ಎಂದು ಬರೆದು ಮುಂದೆ ಹೋಗಬೇಡಿ. ಜಾರ್ಖಂಡ್‌ನ ಗುಮ್ಲಾ, ಸಿಮ್‌ಡೇಗಾ, ಒಡಿಶಾದ ಸುಂದರ್‌ಗಢದ ಆದಿವಾಸಿಗಳು ಮನೆಯಲ್ಲಿ ಆಡುವುದು ಕುಡುಖ್, ಮುಂಡಾರಿ ಅಥವಾ ಖರಿಯಾ. ತಮ್ಮತಮ್ಮ ನಡುವೆ ಸಾದ್ರಿ. ಕಂಧಮಾಲ್ ಕಡೆಯವರಲ್ಲಿ ಅನೇಕರದು ಕುಯಿ. ಗಂಡಸರು ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಾರೆ, ಹೊಸದಾಗಿ ಬಂದ ಹೆಂಗಸರಿಗೆ ಅದೂ ಕಷ್ಟ. ಈ ಪ್ರದೇಶಗಳಲ್ಲಿ ಕಥೋಲಿಕರೂ ಲೂಥರನ್ನರೂ ಬಹಳ ಇದ್ದಾರೆ, ಹಾಗಾಗಿ ನಿಮ್ಮ ಹಿಂದಿನ ಸಾಲಿನ ಹುಡುಗರೇ ಈ ನಕ್ಷೆಗೆ ಮೊದಲ ದಾರಿ.

ಉತ್ತರ ಕರ್ನಾಟಕದಿಂದ ಬಂದವರನ್ನು ಬಿಟ್ಟುಬಿಡುವುದು ಬಹಳ ಕಡೆ ಆಗುವ ತಪ್ಪು. ಅವರದು ನಮ್ಮದೇ ರಾಜ್ಯ, ನಮ್ಮದೇ ಭಾಷೆ, ಆದರೆ ಶೆಡ್ಡಿನಲ್ಲಿ ಪಾಡು ಒಂದೇ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ "ಬಾಂಗ್ಲಾದೇಶಿಗಳು" ಎಂಬ ಗುಮಾನಿಯ ಮೇಲೆ ಶೆಡ್ಡುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು.

3. ಮೊದಲ ಆರು ವಾರ ಕೇಳಿಸಿಕೊಳ್ಳುವುದಷ್ಟೇ

ಸಮುದಾಯ ಸಂಘಟನೆ ಎಂದರೆ ಒಂದೇ ತೊಂದರೆ ಇರುವವರು ಒಟ್ಟಾಗಿ, ತಮ್ಮೊಳಗಿಂದಲೇ ಮುಂದಾಳುಗಳನ್ನು ಕಂಡುಕೊಂಡು, ತಮಗೆ ಬರಬೇಕಾದ್ದನ್ನು ಕೇಳಿ ಪಡೆಯುವುದು. ಚರ್ಚ್‌ಗಳ ಮೂಲಕ ಈ ಕೆಲಸ ಮಾಡುವ ರೀತಿ ಶಿಕಾಗೋದಲ್ಲಿ ರೂಪುಗೊಂಡಿತು. ಅಲ್ಲಿನ ಕಸಾಯಿಖಾನೆಗಳ ಬಡಾವಣೆಯಲ್ಲಿ ಸೌಲ್ ಅಲಿನ್ಸ್ಕಿ 1939ರಲ್ಲಿ ಕಥೋಲಿಕ ಧರ್ಮಕೇಂದ್ರಗಳನ್ನೂ ಕಾರ್ಮಿಕ ಸಂಘಗಳನ್ನೂ ಒಂದೇ ಮಂಡಳಿಗೆ ತಂದರು, ಬಿಷಪ್ ಬರ್ನಾರ್ಡ್ ಶೀಲ್ ಜೊತೆಗಿದ್ದರು. ಆ ಪರಂಪರೆಯ ಕಬ್ಬಿಣದಂಥ ನಿಯಮ ಒಂದೇ: ಜನ ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ನೀವು ಮಾಡಿಕೊಡಬೇಡಿ. ಅದರ ಮುಖ್ಯ ಸಲಕರಣೆ ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು.

ಇಬ್ಬಿಬ್ಬರು ಸ್ವಯಂಸೇವಕರಂತೆ ವಾರಕ್ಕೆ ನಾಲ್ಕು ಭೇಟಿ ಮಾಡಿ. ಸಮಯ ಭಾನುವಾರ ಮಧ್ಯಾಹ್ನ, ಅಥವಾ ಕೆಲಸ ಬಿಟ್ಟು ಸ್ನಾನ, ಅಡುಗೆ ಮುಗಿದ ಮೇಲೆ, ಅಂದರೆ ರಾತ್ರಿ ಎಂಟರ ಸುಮಾರಿಗೆ. ಒಂದು ಭೇಟಿಗೆ ಅರ್ಧ ಗಂಟೆ ಸಾಕು. "ನಿಮಗೆ ಏನು ಬೇಕು?" ಎಂದು ಕೇಳಬೇಡಿ, ಹಾಗೆ ಕೇಳಿದರೆ ಉತ್ತರ ರೇಷನ್ ಕಿಟ್ಟೋ ಕಂಬಳಿಯೋ ಆಗಿರುತ್ತದೆ. ಬದಲಿಗೆ ಹೀಗೆ ಕೇಳಿ: ಊರಿಂದ ಯಾರ ಜೊತೆ ಬಂದಿರಿ? ಬರುವಾಗ ಮುಂಗಡ ತಗೊಂಡಿರಾ, ಎಷ್ಟು? ಕಳೆದ ಬಟವಾಡೆ ಯಾವತ್ತು ಆಯಿತು? ಹುಷಾರಿಲ್ಲದಾಗ ಎಲ್ಲಿಗೆ ಹೋಗುತ್ತೀರಿ? ಈ ಶೆಡ್ಡಿನಲ್ಲಿ ಏನೇ ತಕರಾರಾದರೂ ಎಲ್ಲರೂ ಯಾರ ಮಾತು ಕೇಳುತ್ತಾರೆ?

ಕೊನೆಯ ಪ್ರಶ್ನೆ ಅತ್ಯಂತ ಮುಖ್ಯ. ಮೂರ್ನಾಲ್ಕು ಜನ ಒಂದೇ ಹೆಸರು ಹೇಳಿದರೆ ನಿಮಗೆ ಮುಂದಾಳು ಸಿಕ್ಕಂತೆ. ಆ ವ್ಯಕ್ತಿ ಹೆಚ್ಚಾಗಿ ಜೋರು ಮಾತಿನವರಾಗಿರುವುದಿಲ್ಲ. ಎಲ್ಲರಿಗೂ ಊರಿಗೆ ಹಣ ಕಳಿಸಿಕೊಡುವ ಹುಡುಗನೋ, ಹೆರಿಗೆ ನೋವು ಬಂದಾಗ ಆಟೊ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಅಕ್ಕನೋ ಆಗಿರುತ್ತಾರೆ.

ಇಲ್ಲಿ ಮೂರು ಎಚ್ಚರಿಕೆ. ಮೇಸ್ತ್ರಿಯ ಮೂಲಕವೇ ಶೆಡ್ಡಿಗೆ ಹೋದರೆ ಮೇಸ್ತ್ರಿಯ ವಿರುದ್ಧದ ಮಾತು ಎಂದೂ ಹೊರಬರುವುದಿಲ್ಲ. ಸೈಟಿನ ಒಳಗೆ ಅನುಮತಿಯಿಲ್ಲದೆ ನುಗ್ಗಿದರೆ ಅತಿಕ್ರಮ ಪ್ರವೇಶದ ದೂರು ಬರಬಹುದು, ಗೇಟಿನ ಹೊರಗಿನ ಟೀ ಅಂಗಡಿಯೇ ಮಾತಿಗೆ ಸರಿಯಾದ ಜಾಗ. ಮೊಬೈಲ್ ಕ್ಯಾಮೆರಾ ಜೇಬಿನಲ್ಲೇ ಇರಲಿ.

4. ಭಾನುವಾರದ ಮೇಜು

ಬಲಿಪೂಜೆ ಅಥವಾ ಆರಾಧನೆ ಮುಗಿದ ಮೇಲೆ ಎರಡು ಗಂಟೆ ಮೇಜು ಹಾಕಿ. ಅದೇ ಜಾಗ, ಅದೇ ಹೊತ್ತು, ಒಂದು ವಾರವೂ ತಪ್ಪದಂತೆ. ಎರಡು ಭಾನುವಾರ ಬಾಗಿಲು ಹಾಕಿದ್ದರೆ ಮೂರನೆಯ ಭಾನುವಾರ ಯಾರೂ ಬರುವುದಿಲ್ಲ. ಮೇಜನ್ನು ಚರ್ಚ್‌ನ ಒಳಗಲ್ಲ, ಹಾಲ್‌ನಲ್ಲೋ ಗೇಟಿನ ಹತ್ತಿರದ ವರಾಂಡದಲ್ಲೋ ಇಡಿ. ಬೇರೆ ಧರ್ಮದವರು ಹಿಂಜರಿಯದೆ ಬರುವಂತಿರಬೇಕು.

ರಿಜಿಸ್ಟರ್‌ನಲ್ಲಿ ಕಾಲಂಗಳು: ದಿನಾಂಕ, ಕ್ರಮಸಂಖ್ಯೆ, ಹೆಸರು, ಊರು ಮತ್ತು ಜಿಲ್ಲೆ, ಫೋನ್, ಊರಿನ ಮನೆಯವರ ಫೋನ್, ಕೆಲಸದ ಜಾಗ, ಮೇಸ್ತ್ರಿ ಅಥವಾ ಏಜೆನ್ಸಿ, ತೊಂದರೆ, ಮುಂದಿನ ಹೆಜ್ಜೆ, ಅದನ್ನು ಮಾಡಬೇಕಾದವರು, ಯಾವ ದಿನದೊಳಗೆ. "ಊರಿನ ಮನೆಯವರ ಫೋನ್" ಕಾಲಂ ಬಿಡಲೇಬೇಡಿ. ಇಲ್ಲಿನ ಸಿಮ್ ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ, ಮನೆಯ ನಂಬರ್ ಉಳಿಯುತ್ತದೆ.

ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದು ಕೆಟ್ಟ ಗುತ್ತಿಗೆದಾರರು ಮಾಡುವ ಕೆಲಸ, ನೀವೂ ಅದನ್ನೇ ಮಾಡಿದಂತೆ ಕಾಣಬಾರದು. ಆಧಾರ್ ಪ್ರತಿ ಬೇಕಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಸಾಕು. ಕಾರ್ಮಿಕರ ಕಾಗದಗಳ ಫೋಟೊವನ್ನು ಸ್ವಯಂಸೇವಕರ ವಾಟ್ಸಾಪ್ ಗುಂಪಿಗೆ ಹಾಕುವುದು ಎಲ್ಲ ಕಡೆ ನಡೆಯುವ ತಪ್ಪು, ಮೊದಲ ದಿನವೇ ಅದನ್ನು ನಿಷೇಧಿಸಿ.

5. ಕಾಗದಪತ್ರದ ಕೆಲಸ

ಮೊದಲ ತಿಂಗಳಲ್ಲಿ ಬರುವ ಬಹುಪಾಲು ಕೆಲಸ ಇದೇ. ಬೇಗ ಫಲ ಕಾಣುವುದರಿಂದ ನಂಬಿಕೆ ಬೆಳೆಯುವುದೂ ಇಲ್ಲೇ.

ಪಡಿತರ. "ಒಂದು ದೇಶ ಒಂದು ಪಡಿತರ ಚೀಟಿ" ವ್ಯವಸ್ಥೆಯಲ್ಲಿ ಊರಿನ ಆಹಾರ ಭದ್ರತಾ ಕಾರ್ಡಿನ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ, ಬೆರಳಚ್ಚು ಕೊಟ್ಟು, ಇಲ್ಲಿನ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಆದ್ಯತಾ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ, ಹಣ ಕೊಡಬೇಕಿಲ್ಲ. ಕರ್ನಾಟಕ ತನ್ನ ಕಾರ್ಡ್‌ದಾರರಿಗೆ ಹೆಚ್ಚುವರಿಯಾಗಿ ಕೊಡುವುದು ಹೊರರಾಜ್ಯದ ಕಾರ್ಡಿಗೆ ಸಿಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಿ. ಇಲ್ಲಿ ತನ್ನ ಪಾಲನ್ನು ಮಾತ್ರ ಎತ್ತಬೇಕೆಂದೂ ಹೇಳಿ. ಇಡೀ ಕುಟುಂಬದ ಪಾಲನ್ನು ಇಲ್ಲೇ ಎತ್ತಿದರೆ ಊರಿನಲ್ಲಿ ಹೆಂಡತಿ ಅಂಗಡಿಗೆ ಹೋದಾಗ "ಈ ತಿಂಗಳದ್ದು ಆಗಿದೆ" ಎನ್ನುತ್ತಾರೆ. ಸಿಮೆಂಟ್ ಕೆಲಸ ಮಾಡುವವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಓದುವುದಿಲ್ಲ. ಕೈ ತೊಳೆದು, ಸ್ವಲ್ಪ ಎಣ್ಣೆ ಸವರಿ ಒರೆಸಿ, ಬೇರೆ ಬೆರಳುಗಳನ್ನು ಇಟ್ಟು ನೋಡಿ. ಆಗದಿದ್ದರೆ ಕಣ್ಣಿನ ಪಾಪೆಯ ಸ್ಕ್ಯಾನ್ ಇರುವ ಅಂಗಡಿ ಹುಡುಕಿ. ಅಂಗಡಿಯವರು ಕೊಡಲ್ಲ ಎಂದರೆ 14445ಕ್ಕೆ ಅಥವಾ 1967ಕ್ಕೆ ಫೋನ್ ಮಾಡಿ. ಫೋನ್ ಮಾಡುವವರು ಕಾರ್ಮಿಕರೇ ಆಗಿರಲಿ, ನೀವು ಪಕ್ಕದಲ್ಲಿ ಕೂತಿರಿ.

ಇ-ಶ್ರಮ್. 2021ರ ಆಗಸ್ಟ್‌ನಲ್ಲಿ ಶುರುವಾದ ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿ. 16ರಿಂದ 59 ವಯಸ್ಸಿನ, ಪಿಎಫ್, ಇಎಸ್‌ಐ ಇಲ್ಲದವರಿಗೆ. ನೋಂದಣಿ ಉಚಿತ, 12 ಅಂಕಿಯ ಸಂಖ್ಯೆ ಸಿಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಇದರಿಂದ ನಾಳೆಯೇ ಹಣ ಬರುತ್ತದೆ ಎಂದು ಭರವಸೆ ಕೊಡಬೇಡಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. 18ರಿಂದ 60 ವಯಸ್ಸಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು, ಹೊರರಾಜ್ಯದವರೂ ಸಹ. ಕಟ್ಟಡಗಳಿಂದ ವಸೂಲಾಗುವ ಸೆಸ್ ಹಣದಿಂದ ನಡೆಯುವ ಮಂಡಳಿ ಇದು. ತೊಡಕು ಇರುವುದು 90 ದಿನದ ದೃಢೀಕರಣ ಪತ್ರದಲ್ಲಿ. ಗುತ್ತಿಗೆದಾರ ಸಹಿ ಹಾಕಲ್ಲ ಎಂದರೆ ಕಾರ್ಮಿಕ ಸಂಘ ಅಥವಾ ಕಾರ್ಮಿಕ ನಿರೀಕ್ಷಕರ ಮೂಲಕ ಪ್ರಯತ್ನಿಸಿ. ಕಟ್ಟಡ ಕೆಲಸ ಮಾಡದವರಿಗೆ ದಯೆಯಿಂದಲೂ ಕಾರ್ಡ್ ಮಾಡಿಸಬೇಡಿ. ನಕಲಿ ಕಾರ್ಡ್ ರದ್ದತಿ ನಡೆದಾಗ ನಿಜವಾದ ಕಾರ್ಮಿಕರ ಕಾರ್ಡೂ ತನಿಖೆಗೆ ಸಿಕ್ಕಿಕೊಳ್ಳುತ್ತದೆ.

ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲ, ವರ್ಗಾವಣೆ ಪತ್ರ ಇಲ್ಲ ಎಂಬ ಕಾರಣಕ್ಕೆ ಸರ್ಕಾರಿ ಶಾಲೆ 6ರಿಂದ 14 ವಯಸ್ಸಿನ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಮುಖ್ಯೋಪಾಧ್ಯಾಯರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪುಟದ ಅರ್ಜಿ. ಚಿಕ್ಕ ಮಕ್ಕಳಿಗೆ ಅಂಗನವಾಡಿ, ಬಸುರಿಯರಿಗೆ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್. ಚರ್ಚ್‌ನ ಮಹಿಳಾ ಸಂಘದವರು ಈ ಭಾಗ ವಹಿಸಿಕೊಂಡರೆ ಬಹಳ ಚೆನ್ನಾಗಿ ನಡೆಯುತ್ತದೆ.

6. ಕೂಲಿ ಬಾಕಿ ವಸೂಲಿ

ಕೇಂದ್ರದ ಬೆಲೆ ಗೊತ್ತಾಗುವುದು ಇಲ್ಲಿ. ಆತುರ ಬೇಡ, ತಡವೂ ಬೇಡ.

ಮೊದಲು ಲೆಕ್ಕ. ಕಾರ್ಮಿಕರ ಬಳಿ ಹಾಜರಿ ಚೀಟಿ ಇರುವುದಿಲ್ಲ, ಮೇಸ್ತ್ರಿಯ ಪುಸ್ತಕವೇ ಗತಿ ಎಂದುಕೊಂಡಿರುತ್ತಾರೆ. ಹಾಗೇನಿಲ್ಲ. ಒಂದು ಹಾಳೆಯಲ್ಲಿ ಕ್ಯಾಲೆಂಡರ್ ಬರೆದು ಕೆಲಸಕ್ಕೆ ಹೋದ ದಿನಗಳನ್ನು ಗುರುತಿಸಿ, ಮಳೆ ಬಂದ ದಿನ, ಕಾಂಕ್ರೀಟ್ ಹಾಕಿದ ದಿನ, ಹಬ್ಬದ ದಿನ ನೆನಪಿಸಿದರೆ ಉಳಿದವೂ ನೆನಪಾಗುತ್ತವೆ. ಉದಾಹರಣೆಗೆ 26 ದಿನ, ದಿನಕ್ಕೆ 700 ರೂಪಾಯಿ, ಒಟ್ಟು 18,200. ವಾರದ ಖರ್ಚಿ, ಅಂದರೆ ಊಟ ತಿಂಡಿಗೆಂದು ಮೇಸ್ತ್ರಿ ಕೊಡುವ ಹಣ, 1,000ದಂತೆ ನಾಲ್ಕು ವಾರಕ್ಕೆ 4,000. ಬಾಕಿ 14,200. ಪ್ರತಿಯೊಬ್ಬರಿಗೂ ಪ್ರತ್ಯೇಕ ಹಾಳೆ ಮಾಡಿ, ಅವರವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ತೆಗೆದುಕೊಂಡ ಮುಂಗಡವನ್ನು ಮುಚ್ಚಿಡಬಾರದೆಂದು ಗಟ್ಟಿಯಾಗಿ ಹೇಳಿ. ಅಧಿಕಾರಿಯ ಮುಂದೆ ಒಂದು ಮುಂಗಡ ಹೊರಬಿದ್ದರೆ ಇಡೀ ಗುಂಪಿನ ಲೆಕ್ಕದ ಮೇಲೆ ಅನುಮಾನ ಬರುತ್ತದೆ.

ಆಮೇಲೆ ಪುರಾವೆ. ಗೇಟ್ ಪಾಸ್, ಹೆಲ್ಮೆಟ್ ಮೇಲಿನ ಕಂಪನಿ ಸ್ಟಿಕ್ಕರ್, ಖರ್ಚಿ ಬಂದ ಫೋನ್‌ಪೇ ವಿವರ, ಮೇಸ್ತ್ರಿಯ ವಾಟ್ಸಾಪ್ ಧ್ವನಿ ಸಂದೇಶ, ಸೈಟಿನಲ್ಲಿ ತೆಗೆದ ಸೆಲ್ಫಿ, ಎಲ್ಲವೂ ಪುರಾವೆಯೇ. ಮೂಲ ಮಾಲೀಕರು ಯಾರೆಂದು ಕಾರ್ಮಿಕರಿಗೆ ಗೊತ್ತೇ ಇರುವುದಿಲ್ಲ. ಅವರ ಪಾಲಿಗೆ ಮೇಸ್ತ್ರಿಯೇ ಕಂಪನಿ. ಅಪಾರ್ಟ್‌ಮೆಂಟ್ ಆದರೆ ಸೈಟಿನ ಬೋರ್ಡಿನ ಮೇಲಿರುವ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ರಸ್ತೆಯಿಂದಲೇ ಬರೆದುಕೊಳ್ಳಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಬಿಲ್ಡರ್‌ನ ಪೂರ್ತಿ ಹೆಸರು, ವಿಳಾಸ ಸಿಗುತ್ತದೆ. ಇದು ಏಕೆ ಬೇಕೆಂದರೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕನ ಮೇಲೆ ಬೀಳುತ್ತದೆ. ಮೇಸ್ತ್ರಿ ಓಡಿಹೋಗಬಹುದು, ಕಟ್ಟಡ ಓಡಿಹೋಗುವುದಿಲ್ಲ.

ನಂತರ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೇಸ್ತ್ರಿಗೆ ಫೋನ್, ಸಮಾಧಾನದ ಮಾತಿನಲ್ಲಿ, ಮೂರು ದಿನದ ಗಡುವು. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ, ಏಕೆಂದರೆ ಮೇಸ್ತ್ರಿಗೂ ಮೇಲಿನಿಂದ ಬಿಲ್ ಆಗಿರುವುದಿಲ್ಲ. ಹಾಗಿದ್ದರೆ ಅವನೂ ನಿಮ್ಮ ಜೊತೆ ಬಂದು ಗುತ್ತಿಗೆದಾರನನ್ನು ಕೇಳಬಹುದು. ಆಗದಿದ್ದರೆ ಗುತ್ತಿಗೆದಾರನಿಗೂ ಬಿಲ್ಡರ್‌ಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ, ಏಳು ದಿನದ ಗಡುವು. ಅದಕ್ಕೂ ಜಗ್ಗದಿದ್ದರೆ ಆ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ಅಥವಾ ಸಹಾಯಕ ಕಾರ್ಮಿಕ ಆಯುಕ್ತರಿಗೆ ದೂರು. ಬೆಂಗಳೂರಿನಲ್ಲಿ ಯಾವ ವೃತ್ತದ ಕಚೇರಿ ಎಂದು ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ಅಥವಾ ಇಲಾಖೆಯ ಸಹಾಯವಾಣಿ 155214. ದೂರಿನ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಚೇರಿಗಳಲ್ಲಿ ಹಳೆಯ ಕಾಯ್ದೆಗಳ ಹೆಸರೇ ಇನ್ನೂ ಬಾಯಲ್ಲಿದೆ, ಗಾಬರಿಯಾಗಬೇಡಿ. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ. ಆದರೂ ಕಾಯಬೇಡಿ, ಕಟ್ಟಡ ಮುಗಿದು ಗುತ್ತಿಗೆದಾರ ಜಾಗ ಖಾಲಿ ಮಾಡಿದ ಮೇಲೆ ಸಾಕ್ಷಿ ಹೇಳುವವರೇ ಸಿಗುವುದಿಲ್ಲ.

ಪೊಲೀಸ್ ಠಾಣೆಗೆ ಮೊದಲೇ ಹೋದರೆ "ಇದು ಸಿವಿಲ್ ಮ್ಯಾಟರ್" ಎಂದು ಕಳಿಸುತ್ತಾರೆ. ಆದರೆ ಹೊಡೆದಿದ್ದರೆ, ಕೂಡಿಹಾಕಿದ್ದರೆ, ಫೋನ್ ಅಥವಾ ಆಧಾರ್ ಕಿತ್ತುಕೊಂಡಿದ್ದರೆ ಅದು ಅಪರಾಧ, ನೇರವಾಗಿ 112ಕ್ಕೆ ಕರೆ ಮಾಡಿ. ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಹಣ ಬಂದಾಗ ಅದು ನಿಮ್ಮ ಕೈ ಮೂಲಕ ಹಾದುಹೋಗಬಾರದು. ಒಬ್ಬೊಬ್ಬರ ಖಾತೆಗೂ ನೇರವಾಗಿ ಜಮೆಯಾಗಲಿ. ನಗದೇ ಕೊಡುತ್ತೇವೆ ಎಂದರೆ ಇಬ್ಬರು ಸಾಕ್ಷಿಗಳ ಮುಂದೆ, ರಸೀದಿಗೆ ಸಹಿ ಮಾಡಿಸಿ. ಖಾಲಿ ಹಾಳೆಗೆ ಸಹಿ ಬೇಡ. ಭಾಗಶಃ ಹಣ ಕೊಟ್ಟು "ಪೂರ್ತಿ ಚುಕ್ತಾ" ಎಂದು ಬರೆದ ಕಾಗದಕ್ಕಂತೂ ಬೇಡವೇ ಬೇಡ.

ಗದ್ದೆ ನಾಟಿಗೆ, ಕೊಯ್ಲಿಗೆ, ಕ್ರಿಸ್‌ಮಸ್‌ಗೆ, ಈದ್‌ಗೆ ಕಾರ್ಮಿಕರು ಊರಿಗೆ ಹೋಗುತ್ತಾರೆ, ದೂರು ಅರ್ಧಕ್ಕೆ ನಿಲ್ಲುತ್ತದೆ. ಹೊರಡುವ ಮೊದಲು ಇಲ್ಲೇ ಉಳಿಯುವ ಸಹಕಾರ್ಮಿಕರೊಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆಸಿಡಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟದ ಪ್ರತಿ ತೆಗೆದುಕೊಳ್ಳಿ.

7. ಅಪಘಾತ, ಸಾವು, ಜೀತ

ರಾತ್ರಿ ಹನ್ನೊಂದಕ್ಕೆ ಬರುವ ಕರೆಗಳು ಇವು. ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೇಂದ್ರದ ಫೋನ್ ಇರುವವರ ಕೈಗೆ ಮೊದಲೇ ಕೊಟ್ಟಿರಿ.

ಸೈಟಿನಲ್ಲಿ ಬಿದ್ದು ಗಾಯವಾದರೆ ಆಸ್ಪತ್ರೆಯಲ್ಲಿ "ಕೆಲಸದ ಜಾಗದಲ್ಲಿ ಆದ ಅಪಘಾತ" ಎಂದೇ ಬರೆಸಿ, ಮೆಡಿಕೊ-ಲೀಗಲ್ ಪ್ರಕರಣವಾಗಿ, ಅಂದರೆ ಪೊಲೀಸರಿಗೆ ಮಾಹಿತಿ ಹೋಗುವ ಪ್ರಕರಣವಾಗಿ, ದಾಖಲಾಗಲಿ. "ಮೆಟ್ಟಿಲಿಂದ ಜಾರಿದ", "ಕುಡಿದಿದ್ದ" ಎಂದು ಬರೆಸಲು ಸೂಪರ್‌ವೈಸರ್ ಪ್ರಯತ್ನಿಸುವುದುಂಟು. ಒಮ್ಮೆ ಹಾಗೆ ದಾಖಲಾದರೆ ಪರಿಹಾರಕ್ಕೆ ದೊಡ್ಡ ಅಡ್ಡಿ.

ಸಾವಾದರೆ ಮೊದಲು ಊರಿನ ಮನೆಯವರಿಗೆ ಅವರ ಭಾಷೆಯಲ್ಲೇ ತಿಳಿಸಿ. ಆ ಕರೆಯನ್ನು ಅದೇ ಊರಿನವರೊಬ್ಬರು ಮಾಡಲಿ. ಅಸಹಜ ಸಾವಾದರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಎಫ್‌ಐಆರ್, ಸರ್ಕಾರಿ ಆಸ್ಪತ್ರೆಯಲ್ಲಿ ಶವಪರೀಕ್ಷೆ. ವಿಮಾನದಲ್ಲಿ ಕಳಿಸಬೇಕಾದರೆ ಬೇಕಾಗುವ ಕಾಗದಗಳು: ಸಾವಿನ ಪ್ರಮಾಣಪತ್ರ ಅಥವಾ ಸಾವಿನ ಕಾರಣದ ವೈದ್ಯಕೀಯ ಪತ್ರ, ಎಂಬಾಮಿಂಗ್ ಪ್ರಮಾಣಪತ್ರ (ಶವ ಕೆಡದಂತೆ ಔಷಧ ಹಾಕಿದ್ದಕ್ಕೆ), ಪೊಲೀಸರ ನಿರಾಕ್ಷೇಪಣಾ ಪತ್ರ, ಶವಪೆಟ್ಟಿಗೆ ಮುಚ್ಚಿದ ಬಗ್ಗೆ ಪತ್ರ, ಮೃತರ ಮತ್ತು ಜೊತೆಗೆ ಹೋಗುವವರ ಗುರುತಿನ ಚೀಟಿ. ಎಲ್ಲದರಲ್ಲೂ ಹೆಸರಿನ ಕಾಗುಣಿತ ಒಂದೇ ಇರಬೇಕು. "ತಿರ್ಕಿ" ಒಂದರಲ್ಲಿ, "ಟಿರ್ಕೆ" ಇನ್ನೊಂದರಲ್ಲಿ ಇದ್ದರೆ ಕಾರ್ಗೋ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ. ಇಳಿಯುವ ನಿಲ್ದಾಣದಿಂದ ಹಳ್ಳಿಗೆ ಆಂಬುಲೆನ್ಸ್ ಯಾರು ತರುತ್ತಾರೆಂದು ಆ ಭಾಗದ ಧರ್ಮಕೇಂದ್ರಕ್ಕೆ ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ. ಮೃತರು ಬೇರೆ ಧರ್ಮದವರಾಗಿದ್ದರೆ ಅಂತ್ಯಸಂಸ್ಕಾರದ ಕ್ರಮ ಕುಟುಂಬದ ತೀರ್ಮಾನ, ನಿಮ್ಮದಲ್ಲ.

ಇದೇ ಹೊತ್ತಿನಲ್ಲಿ ಕಂಪನಿಯ ಕಡೆಯವರು ಛಾಪಾ ಕಾಗದ ಹಿಡಿದು ಬರಬಹುದು. ದುಃಖದಲ್ಲಿರುವ ತಮ್ಮನಿಂದ ಸಹಿ ಹಾಕಿಸಲು ಬಿಡಬೇಡಿ. ಕೆಲಸದ ವೇಳೆ ಆದ ಸಾವಿನ ಪರಿಹಾರ ಮೃತರ ವಯಸ್ಸು ಮತ್ತು ವೇತನದ ಮೇಲೆ ಲೆಕ್ಕವಾಗುತ್ತದೆ, ಅದನ್ನು ಸಕ್ಷಮ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಶವ ಸಾಗಿಸುವ ಖರ್ಚನ್ನು ಕಂಪನಿ ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅದು ಪರಿಹಾರವಲ್ಲ ಎಂದು ಬರೆಸಿಕೊಳ್ಳಿ.

ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ತೋಟಗಳಲ್ಲಿ ಮುಂಗಡದ ಹೆಸರಿನಲ್ಲಿ ಜನರನ್ನು ಹೊರಗೆ ಬಿಡದೆ ದುಡಿಸುತ್ತಿದ್ದರೆ ಅದು ಜೀತ, 1976ರ ಕಾಯ್ದೆಯಡಿ ಅಪರಾಧ. ನೀವೇ ಗಾಡಿ ತೆಗೆದುಕೊಂಡು ಬಿಡಿಸಲು ಹೋಗಬೇಡಿ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಟ್ಟು ಅವರ ಜೊತೆ ಹೋಗಿ. ಬಿಡುಗಡೆ ಪ್ರಮಾಣಪತ್ರ ಕೈಗೆ ಬರುವ ಮೊದಲು ಕುಟುಂಬವನ್ನು ರೈಲು ಹತ್ತಿಸಬೇಡಿ, ಅದಿಲ್ಲದೆ ಪುನರ್ವಸತಿ ಹಣ ಸಿಗುವುದು ಬಹಳ ಕಷ್ಟ. ದುಡಿಯುವ ಮಕ್ಕಳು ಕಂಡರೆ ಮಕ್ಕಳ ಸಹಾಯವಾಣಿ 1098.

8. ಕಾರ್ಮಿಕರದೇ ಸಮಿತಿ

ನಾಲ್ಕೈದು ತಿಂಗಳಾದ ಮೇಲೂ ಎಲ್ಲ ಫೋನ್ ಕರೆಗಳನ್ನೂ ನೀವೇ ಮಾಡುತ್ತಿದ್ದರೆ ಎಲ್ಲೋ ದಾರಿ ತಪ್ಪಿದೆ. ಕೇಳಿಸಿಕೊಳ್ಳುವ ಭೇಟಿಗಳಲ್ಲಿ ಕಂಡ ಮುಂದಾಳುಗಳಲ್ಲಿ ಏಳೆಂಟು ಜನರನ್ನು ತಿಂಗಳಿಗೊಮ್ಮೆ ಒಂದು ಗಂಟೆ ಸೇರಿಸಿ. ಬೇರೆ ಬೇರೆ ಭಾಷೆ, ಧರ್ಮದವರು ಇರಲಿ. ಮೂರರಲ್ಲಿ ಒಬ್ಬರಾದರೂ ಹೆಂಗಸರಿರಲಿ. ಸಭೆ ನಡೆಸುವವರು ಅವರೇ.

ಎಲ್ಲರಿಗೂ ತಟ್ಟುವ, ಗೆಲ್ಲಬಹುದಾದ, ಯಾರನ್ನು ಕೇಳಬೇಕೆಂದು ಗೊತ್ತಿರುವ ಒಂದೇ ವಿಷಯವನ್ನು ಮೊದಲು ಆರಿಸಿಕೊಳ್ಳಲಿ. "ಕೂಲಿ ಹೆಚ್ಚಿಸಿ" ಎಂಬುದು ಮೊದಲ ವಿಷಯವಾದರೆ ಸೋಲು ಖಚಿತ. "ಈ ಶೆಡ್ಡಿನ 60 ಜನಕ್ಕೆ ಎರಡೇ ಶೌಚಾಲಯ, ಇನ್ನೂ ನಾಲ್ಕು ಬೇಕು" ಅಥವಾ "ಬಟವಾಡೆ ಶನಿವಾರವೇ ಆಗಲಿ" ಎಂಬಂಥದ್ದು ಕೈಗೆ ಸಿಗುತ್ತದೆ. ಮಾತುಕತೆಗೆ ಹೋಗುವ ಮೊದಲು ಯಾರು ಏನು ಹೇಳುವುದೆಂದು ಚರ್ಚ್ ಹಾಲ್‌ನಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ, ಒಬ್ಬರು ಬಿಲ್ಡರ್‌ನ ಪಾತ್ರ ವಹಿಸಲಿ. ಗುರುಗಳು ಜೊತೆಗೆ ಹೋಗಲಿ, ಆದರೆ ಮೊದಲ ಮಾತು ಕಾರ್ಮಿಕರದ್ದಾಗಿರಲಿ. ಬಿಲ್ಡರ್ ಗುರುಗಳ ಕಡೆಯೇ ನೋಡಿ ಮಾತಾಡಿದರೆ ಗುರುಗಳು "ಇವರನ್ನೇ ಕೇಳಿ" ಎನ್ನಬೇಕು.

ಬಿಲ್ಡರ್ ನಿಮ್ಮ ಚರ್ಚ್‌ನ ದಾನಿಯೇ ಆಗಿದ್ದರೆ? ಆಗುತ್ತದೆ. ಅಂಥ ಪ್ರಕರಣದಲ್ಲಿ ಏನು ಮಾಡುವುದೆಂದು ಪಾಲನಾ ಸಮಿತಿ ಮೊದಲೇ ತೀರ್ಮಾನಿಸಿರಬೇಕು. ದಾನ ಕೊಟ್ಟವರ ಸೈಟಿನ ದೂರನ್ನೂ ರಿಜಿಸ್ಟರ್‌ನಲ್ಲಿ ಬರೆಯುವ ಧೈರ್ಯ ಇಲ್ಲದಿದ್ದರೆ ಕೇಂದ್ರ ತೆರೆಯದಿರುವುದೇ ಪ್ರಾಮಾಣಿಕ.

9. ಸಭೆಯೊಳಗೆ ಜಾಗ

ಇದನ್ನು ಕ್ರೈಸ್ತ ವಲಸಿಗರ ಬಗ್ಗೆ ಮಾತ್ರ ಹೇಳುತ್ತಿದ್ದೇವೆ. ಮೇಜಿನ ನೆರವು ಎಲ್ಲರಿಗೂ, ಆರಾಧನೆಯ ಆಹ್ವಾನ ಅದನ್ನು ಬಯಸಿ ಬಂದವರಿಗೆ. ತಿಂಗಳಿಗೊಂದು ಹಿಂದಿ ಅಥವಾ ಸಾದ್ರಿ ಬಲಿಪೂಜೆ, ಹೊತ್ತು ಸಂಜೆ, ಏಕೆಂದರೆ ಭಾನುವಾರ ಬೆಳಗ್ಗೆ ಹಲವರಿಗೆ ಅರ್ಧ ದಿನ ಕೆಲಸ. ಮಾಂದರ್ (ಆದಿವಾಸಿಗಳ ಮದ್ದಳೆ) ಬಾರಿಸುವವರು ಅವರಲ್ಲೇ ಇರುತ್ತಾರೆ, ಗಾನವೃಂದಕ್ಕೆ ಕರೆಯಿರಿ. ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ ನೃತ್ಯ ಮಾಡಿಸಿ ಕಳಿಸುವುದು ಗೌರವವಲ್ಲ. ವಾಚನ ಮಾಡುವವರ ಪಟ್ಟಿಯಲ್ಲಿ, ಪಾಲನಾ ಸಮಿತಿಯಲ್ಲಿ ಅವರ ಹೆಸರಿರಲಿ. ಕಥೋಲಿಕ ಸಭೆಯಲ್ಲಿ ಸೆಪ್ಟೆಂಬರ್ ಕೊನೆಯ ಭಾನುವಾರ ವಲಸಿಗರ ಮತ್ತು ನಿರಾಶ್ರಿತರ ದಿನ, ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಆ ಎರಡು ದಿನ ಪ್ರಸಂಗದ ಬದಲು ಅಥವಾ ಪ್ರಸಂಗದ ಜೊತೆ ಒಬ್ಬ ಕಾರ್ಮಿಕರು ಹತ್ತು ನಿಮಿಷ ಮಾತಾಡಲಿ.

10. ಹಣ, ಮತ್ತು ಸೈಟ್ ಮುಗಿದಾಗ

ನಿಧಿಗೆ ಪ್ರತ್ಯೇಕ ಪುಸ್ತಕ, ಇಬ್ಬರ ಸಹಿ, ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ಹೆಸರಿಲ್ಲದೆ, ಕ್ರಮಸಂಖ್ಯೆ ಮಾತ್ರ ಹಾಕಿ. ಕಾರ್ಮಿಕರಿಗೆ ಸಾಲ ಕೊಡಬೇಡಿ. ಸಾಲ ಇರುವವರು ಮೇಜಿನ ಹತ್ತಿರ ಬರುವುದನ್ನೇ ನಿಲ್ಲಿಸುತ್ತಾರೆ. ವಿದೇಶದಲ್ಲಿರುವ ನೆಂಟರು ಹಣ ಕಳಿಸುತ್ತೇವೆ ಎಂದರೆ ಮೊದಲು ಧರ್ಮಪ್ರಾಂತ್ಯದ ಕಚೇರಿ ಅಥವಾ ಲೆಕ್ಕಪರಿಶೋಧಕರನ್ನು ಕೇಳಿ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದ ಖಾತೆಗೆ ವಿದೇಶಿ ಮೂಲದ ದೇಣಿಗೆ ಬರುವಂತಿಲ್ಲ.

ಕಟ್ಟಡದ ಸ್ಲ್ಯಾಬ್ ಮುಗಿದು ಪ್ಲಾಸ್ಟರಿಂಗ್ ಶುರುವಾದಾಗ ಸೆಂಟ್ರಿಂಗ್, ಬಾರ್ ಬೆಂಡಿಂಗ್ ಗುಂಪುಗಳು ಬೇರೆ ಸೈಟಿಗೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೆ ಹೊರಡುತ್ತವೆ. ಹೊರಡುವ ವಾರವೇ ಮಾಡಬೇಕಾದ್ದು ಇಷ್ಟು: ಬಾಕಿ ಲೆಕ್ಕದ ಹಾಳೆಗೆ ಸಹಿ, ಮಕ್ಕಳಿಗೆ ಶಾಲೆಯಿಂದ ವರ್ಗಾವಣೆ ಪತ್ರ, ಬಸುರಿಯರಿಗೆ ತಾಯಿ ಕಾರ್ಡ್ ಕೈಗೆ. ಹೋಗುವ ಊರಿನ ಹತ್ತಿರದ ಧರ್ಮಕೇಂದ್ರದ ಅಥವಾ ಕಾರ್ಮಿಕ ಸಂಘದ ನಂಬರನ್ನು ಹುಡುಕಿ, ಅಲ್ಲಿಗೆ ನೀವೇ ಒಮ್ಮೆ ಮಾತಾಡಿ, ಗುಂಪಿನ ಮುಂದಾಳುವಿನ ಫೋನ್‌ನಲ್ಲಿ ಆ ನಂಬರ್ ಸೇವ್ ಮಾಡಿಸಿ. ನಿಮ್ಮ ಕೇಂದ್ರದ ನಂಬರ್ ಅವರ ಬಳಿ ಇರಲಿ. ಹೊಸ ಸೈಟಿನಲ್ಲಿ ಮೊದಲ ಬಟವಾಡೆ ತಪ್ಪಿದ ದಿನವೇ ಫೋನ್ ಮಾಡಬೇಕೆಂದು ಹೇಳಿ ಕಳಿಸಿ, ಮೂರು ತಿಂಗಳು ಬಾಕಿ ಬೆಳೆದ ಮೇಲಲ್ಲ.